ಮಾವನ ಕಂಪ್ಯೂಟರಿಗೆ ದೊಡ್ಡ ಪೆಟ್ಟಿಗೆ

ತಿರುಪು ಇರುವ ವಸ್ತು ಯಾವುದೇ ಇರಲಿ, ಆ ಮನೆಯಲ್ಲಿ ಅದು ಸೊಸೆಯ ಇಲಾಖೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ದಿನವಿಡೀ ಎಳ್ಳಿನಷ್ಟು ತಿರುಪುಗಳ ಜೊತೆಗೇ ಒಡನಾಟ. ಅದೇ ತಪ್ಪಾಯಿತು. ಫ್ಯಾನು ಕಿರುಗುಟ್ಟಿದರೆ ಅವಳು, ಚಿಲಕ ಸಡಿಲವಾದರೆ ಅವಳು, ಕುಕ್ಕರಿನ ಹಿಡಿ ಕಳಚಿದರೂ ಅವಳೇ. ಈಗ, ವಾರಕ್ಕೊಂದೇ ಸಿಗುವ ರಜೆಯಲ್ಲಿ ಮಧ್ಯಾಹ್ನದವರೆಗೆ ಕಾಲು ಚಾಚಿ ಮಲಗಬೇಕೆಂದುಕೊಂಡಿದ್ದವಳು, ಊಟದ ಮೇಜಿನ ಮುಂದೆ ನಿಂತು ಮಾವನ ಕಂಪ್ಯೂಟರನ್ನು ದಿಟ್ಟಿಸುತ್ತಿದ್ದಳು.

ಮಾವ ರೈಲು ಓಡಿಸಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಗೋಡೆ ನೋಡುತ್ತಾ ಕೂರುವುದು ಸಾಕಾಗಿ, ವಿಮಾನ ಹಾರಿಸುವ ಆಟದ ಹುಚ್ಚು ಹತ್ತಿಸಿಕೊಂಡಿದ್ದರು. "ಆಯಸ್ಸೆಲ್ಲಾ ಸ್ಟೀರಿಂಗ್ ಇಲ್ಲದ್ದನ್ನ ಓಡಿಸಿದೀನಿ. ಇನ್ನಾದ್ರೂ ಎಡಕ್ಕೆ ಬಲಕ್ಕೆ ತಿರುಗೋದನ್ನ ಓಡಿಸ್ತೀನಿ," ಎನ್ನುತ್ತಿದ್ದರು. ಅದಕ್ಕೆಂದೇ ಒಂದು ಗೇಮಿಂಗ್ ಕಂಪ್ಯೂಟರ್ ತರಿಸಿಕೊಂಡಿದ್ದರು. ಕಂಪನಿಯೇ ಜೋಡಿಸಿ ಕಳಿಸಿದ್ದು. ನಾಲ್ಕು ಇಟ್ಟಿಗೆ ಒತ್ತೊತ್ತಾಗಿ ಇಟ್ಟಷ್ಟೇ ಗಾತ್ರ. ನೋಡಲು ಮುದ್ದು. ಆದರೆ ಒಳಗೆ ಗಾಳಿಯಾಡಲು ಜಾಗವಿಲ್ಲದೆ ಕಾದ ಹೆಂಚಾಗುತ್ತಿತ್ತು. ವಿಮಾನ ಇನ್ನೇನು ನೆಲ ಮುಟ್ಟಬೇಕು, ಪರದೆ ಕಪ್ಪಾಗುತ್ತಿತ್ತು. ಮಾವ ಹಾರಿದ್ದಕ್ಕೆ ಲೆಕ್ಕವಿಲ್ಲ, ಇಳಿದದ್ದು ಮಾತ್ರ ಅಪರೂಪ.

ಹಾಗಾಗಿ ಗಂಡ ಒಂದು ದೊಡ್ಡ ಖಾಲಿ ಪೆಟ್ಟಿಗೆ ತಂದಿದ್ದ. ಒಂದು ಮಗ್ಗುಲಿಗೆ ಗಾಜಿನ ಬಾಗಿಲು, ಮುಂದೆ ಸಾಲಾಗಿ ಫ್ಯಾನುಗಳು, ಒಳಗೆ ಒಂದು ಬೆಕ್ಕು ಸಂಸಾರ ಹೂಡಬಹುದಾದಷ್ಟು ಜಾಗ. "ಅದರೊಳಗಿಂದ ತೆಗೆದು ಇದರೊಳಗೆ ಇಡೋದು, ಅಷ್ಟೇ. ನಿಂಗೆ ಎಡಗೈ ಕೆಲಸ," ಎಂದು ಹೇಳಿ, ಗೆಳೆಯನೊಬ್ಬ ಮನೆ ಬದಲಾಯಿಸುತ್ತಿದ್ದಾನೆ, ಸಾಮಾನು ಹೊರಬೇಕು ಎಂದು ಹೊರಟೇಹೋದ. ಮನೆಯ ಕೆಲಸ ಬಿಟ್ಟು ಊರವರ ಮಂಚ ಹೊರುವುದರಲ್ಲಿ ಅವನು ಮೊದಲಿಂದಲೂ ಮುಂದು.

ಸೊಸೆ ಹಳೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಎದುರಿನ ಕುರ್ಚಿಯಲ್ಲಿ ಮಾವ ಕನ್ನಡಕ ಏರಿಸಿ ಕೂತರು.

"ಆ ಹಸಿರು ಹಲಗೆ ಇದೆಯಲ್ಲ, ಅದೇ ಮುಖ್ಯ," ಎಂದರು.

"ಹೌದು ಮಾವ."

"ಅದನ್ನ ಹುಷಾರಾಗಿ ತೆಗೀಬೇಕು."

"ಹೌದು ಮಾವ."

"ಮೊದಲು ಎಡಗಡೆ ತಿರುಪು ತೆಗೆದ್ರೆ ಒಳ್ಳೇದಿತ್ತೇನೋ."

ಅವಳು ಬಲಗಡೆಯದನ್ನು ತೆಗೆದಾಗಿತ್ತು. ಎಡಗಡೆಯದಕ್ಕೆ ಕೈ ಹಾಕಿದಳು. ಮದುವೆಯಾಗಿ ಬಂದಂದಿನಿಂದ ಅವರಿಬ್ಬರ ನಡುವೆ ಒಂದು ಗಟ್ಟಿಮಾತು ಆಗಿದ್ದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಬಿಟ್ಟುಕೊಟ್ಟೇ ಬಾಳಿದವರು.

ಬಿಚ್ಚುತ್ತಾ ಹೋದಂತೆ ಆ ಪುಟ್ಟ ಪೆಟ್ಟಿಗೆಯ ಬಣ್ಣ ಬಯಲಾಯಿತು. ಅದನ್ನು ಮಾಡಿದವರಿಗೆ ಅದನ್ನು ಯಾರೂ ಬಿಚ್ಚಬಾರದೆಂಬ ಹಟವಿದ್ದಂತಿತ್ತು. ಗ್ರಾಫಿಕ್ಸ್ ಕಾರ್ಡ್ ತೆಗೆಯಬೇಕಾದರೆ ಫ್ಯಾನು ತೆಗೆಯಬೇಕು. ಫ್ಯಾನು ತೆಗೆಯಬೇಕಾದರೆ ಒಂದು ತಗಡು ಬಾಗಿಸಬೇಕು. ತಗಡು ಬಾಗಿಸಿದರೆ ಅದರ ಅಂಚು ಬೆರಳು ಕೊಯ್ಯುತ್ತದೆ. ಕೊಯ್ದೂ ಕೊಯ್ದಿತು. ಅವಳು ಬೆರಳು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೆಲಸ ಮುಂದುವರಿಸಿದಳು.

ಕೊನೆಗೆ ಹಲಗೆ, ಹಳೆಯ ಪೆಟ್ಟಿಗೆಯ ಗುಂಡಿಯನ್ನೂ ದೀಪವನ್ನೂ ವೈರಿನಲ್ಲಿ ನೇತಾಡಿಸಿಕೊಂಡೇ, ಹೊರಬಂತು. ಅದನ್ನು ಹೊಸ ಪೆಟ್ಟಿಗೆಯೊಳಗೆ ಹಿಡಿದು ನೋಡಿದರೆ, ಹಲಗೆಯ ತೂತುಗಳು ಒಂದು ಕಡೆ, ಪೆಟ್ಟಿಗೆಯ ಹಿತ್ತಾಳೆ ಗೂಟಗಳು ಇನ್ನೊಂದು ಕಡೆ. ನಾಲ್ಕು ಸರಿಹೋದವು, ಉಳಿದವು ಜಪ್ಪಯ್ಯ ಅಂದರೂ ಹೊಂದಲಿಲ್ಲ. ಸರಿಹೋಗದ ಗೂಟಗಳು ಹಲಗೆಯ ಬೆನ್ನಿಗೆ ತಾಗಿದರೆ ಕರೆಂಟು ಅಡ್ಡದಾರಿ ಹಿಡಿದು ಎಲ್ಲವೂ ಸುಟ್ಟುಹೋದೀತು. ಮತ್ತೆ ಹಲಗೆ ಎತ್ತಿ, ಒಂದೊಂದೇ ಗೂಟ ತಿರುಚಿ ತೆಗೆದಳು. ಕರೆಂಟು ಕೊಡುವ ಡಬ್ಬಿಯ ಕಥೆ ಇನ್ನೂ ಚೆಂದ. ಹೊಸ ಪೆಟ್ಟಿಗೆಯಲ್ಲಿ ಅದಕ್ಕೆಂದು ಬಿಟ್ಟ ಜಾಗದಲ್ಲಿ ಅದು ದೊಡ್ಡಣ್ಣನ ಚಪ್ಪಲಿ ಮೆಟ್ಟಿದ ಮಗುವಿನ ಕಾಲಿನ ಹಾಗೆ ಕಾಣುತ್ತಿತ್ತು. ಬಿಗಿಯಲು ಒಂದು ತೂತೂ ಇಲ್ಲ.

ಅವಳು ಅಡುಗೆಮನೆಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಆ ಕಡೆ ಮೆಟ್ಟಿಲ ಮೇಲೆ ಯಾರೋ "ಸ್ವಲ್ಪ ಓರೆ ಮಾಡ್ರೋ" ಎಂದು ಕೂಗುತ್ತಿದ್ದುದು ಕೇಳಿಸಿತು.

"ಇದು ಯಾವುದೂ ಕೂರ್ತಿಲ್ಲ. ಅಂಗಡೀಲಿ ಕೇಳಿ ತಂದ್ಯಾ?"

"ಕೇಳಿದೆ ಕಣೇ. ಎಲ್ಲಾ ಒಂದೇ ಅಳತೆ ಅಂದ."

"ಯಾವುದರ ಅಳತೆ ತೋರಿಸಿದೆ ಅವನಿಗೆ?"

"ಕೈಯಲ್ಲಿ ತೋರಿಸಿದೆ, ಇಷ್ಟುದ್ದ ಅಂತ."

ಅವಳಿಗೆ ಅಡುಗೆಮನೆಯ ಗೋಡೆಗೆ ಹಣೆ ಚಚ್ಚಿಕೊಳ್ಳೋಣ ಅನಿಸಿತು. ಅಲ್ಲಿಯೇ ನಿಂತು ಅವನಿಗೆ ನಾಲ್ಕು ಮಾತು ಅಂದು, ನೀರು ಕುಡಿದು, ಉಸಿರು ಎಳೆದುಕೊಂಡು ವಾಪಸು ಬಂದಳು.

ಮಾವ ಎದ್ದು ನಿಂತಿದ್ದರು. ಒಂದು ಕೈಯಲ್ಲಿ ಹಳೆಯ ಪೆಟ್ಟಿಗೆಯ ಮುಂಭಾಗದ ಗುಂಡಿ, ಅದರ ತುದಿಗೆ ನೇತಾಡುವ ಎರಡು ವೈರು, ವೈರಿನ ತುದಿಯಲ್ಲಿ ಏನೂ ಇಲ್ಲ.

"ನೀನು ಬರೋದರೊಳಗೆ ಇದೊಂದನ್ನ ಬಿಡಿಸಿಡೋಣ ಅಂತ..." ಎಂದರು.

ಕಂಪ್ಯೂಟರನ್ನು ಚಾಲೂ ಮಾಡುವ ಗುಂಡಿ ಅದು. ಅದರ ವೈರುಗಳೂ ದೀಪದ ವೈರುಗಳೂ ಒಂದೇ ಪ್ಲಾಸ್ಟಿಕ್ ತುಂಡಿಗೆ ಸೇರಿಕೊಂಡಿದ್ದವು. ತುಂಡನ್ನು ಹಿಡಿದು ಎಳೆಯುವ ಬದಲು ಮಾವ ವೈರು ಹಿಡಿದು ಎಳೆದಿದ್ದರು. ತುಂಡು ಹಲಗೆಯಲ್ಲೇ ಕಚ್ಚಿಕೊಂಡಿತ್ತು, ವೈರು ಕಿತ್ತು ಬಂದಿತ್ತು.

"ಒಂದು ನಿಮಿಷ ಕೈ ಸುಮ್ನೆ ಇಟ್ಕೊಂಡಿರೋಕೆ ಆಗಲ್ವಾ ನಿಮಗೆ?" ಎಂದಳು ಸೊಸೆ. ಧ್ವನಿ ಪಕ್ಕದ ಮನೆಗೂ ಕೇಳಿಸಿರಬೇಕು. ಅಷ್ಟು ಸಿಟ್ಟಿನಲ್ಲೂ ಬಹುವಚನ ಮಾತ್ರ ಬಿಟ್ಟುಹೋಗಲಿಲ್ಲ.

"ನಾನೇನು ಬೇಕು ಅಂತ ಮಾಡಿದ್ನಾ?"

"ಬೇಕು ಅಂತ ಮಾಡಿದ್ರೆ ಇಷ್ಟು ಚೆನ್ನಾಗಿ ಹಾಳಾಗ್ತಿರಲಿಲ್ಲ!"

ಮಾವನ ಮುಖ ಕೆಂಪೇರಿತು. "ಬೆಳಗ್ಗಿಂದ ನೋಡ್ತಿದೀನಿ, ನಾನು ಏನು ಹೇಳಿದ್ರೂ ಹೌದು ಮಾವ, ಹೌದು ಮಾವ. ಕಿವಿಗೇ ಹಾಕ್ಕೊಳಲ್ಲ. ನಾನೂ ಇಂಜಿನ್ ಜೊತೆ ಜೀವ ತೇಯ್ದವನೇ."

"ಹಾಗಾದ್ರೆ ನೀವೇ ಮಾಡ್ಕೊಬೇಕಿತ್ತು! ವಾರಕ್ಕೊಂದು ದಿನ ಸಿಗುತ್ತೆ ನಂಗೆ. ಈ ಕೆಲಸ ಆಗುತ್ತಾ ಅಂತ ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

"ಕೇಳಿದ್ದೆ. ನನ್ನ ಮಗನ್ನ ಕೇಳಿದ್ದೆ. ಅವಳು ಮಾಡ್ತಾಳೆ ಬಿಡಿ ಅಂದ."

"ನನ್ನ ಕೈ ಕೆಲಸಕ್ಕೆ ನಿಮ್ಮ ಮಗನ್ನ ಯಾಕೆ ಕೇಳ್ತೀರಿ ಮಾವ?"

ಮಾವ ಕುರ್ಚಿ ಹಿಂದಕ್ಕೆ ಸರಿಸಿದರು. ಗುಂಡಿಯನ್ನು ಮೇಜಿನ ಮೇಲಿಟ್ಟರು. "ನಿನ್ನನ್ನೇ ಕೇಳಿದ್ರೆ ನೀನು ಇಲ್ಲ ಅನ್ನೋಕಾಗಲ್ಲ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮನೆ ಗವ್ವೆಂದಿತು. ಸೊಸೆ ಕುರ್ಚಿಯಲ್ಲಿ ಕುಸಿದಳು. ಅತ್ತರೆ ಹಗುರಾದೀತು ಅನಿಸಿತು, ಅಳು ಬರಲಿಲ್ಲ. ಅಂದದ್ದು ಹೆಚ್ಚಾಯಿತೇ ಎಂದು ಒಂದು ಗಳಿಗೆ ಅನಿಸಿತು, ಕಡಿಮೆಯೇ ಆಯಿತು ಎಂದು ಮರುಗಳಿಗೆ ಅನಿಸಿತು. ಎಲ್ಲವನ್ನೂ ಹೀಗೆಯೇ ಹರವಿಟ್ಟು ಮಲಗಿಬಿಡಬಹುದಿತ್ತು. ಆದರೆ ಸಂಜೆ ಗಂಡ ಬಂದು, "ಅಯ್ಯೋ, ಇಷ್ಟೂ ಆಗಲಿಲ್ವಾ," ಎನ್ನುವುದನ್ನು ಕಲ್ಪಿಸಿಕೊಂಡೊಡನೆ ಮೈ ಉರಿಯಿತು. ಪ್ರೀತಿಯಿಂದಲ್ಲ, ಕರುಣೆಯಿಂದಲೂ ಅಲ್ಲ, ಬರೀ ಆ ಉರಿಯಿಂದ ಅವಳು ಮತ್ತೆ ಎದ್ದಳು.

ತಾನು ಕನ್ನಡಕದ ಅಂಗಡಿಗೆ ಒಯ್ಯುವ ಚೀಲದಿಂದ ಚಿಮಟ ತೆಗೆದು, ಹಲಗೆಯಲ್ಲಿ ಕಚ್ಚಿಕೊಂಡಿದ್ದ ಪ್ಲಾಸ್ಟಿಕ್ ತುಂಡನ್ನು ಹಿಡಿದಳು. ಕೀಳುವ ಮೊದಲು ಬಗ್ಗಿ ನೋಡಿದಳು. ದೀಪದ ವೈರುಗಳು ತುಂಡಿನಲ್ಲೇ ಉಳಿದಿದ್ದವು. ಗುಂಡಿಯ ಎರಡು ವೈರು ಇದ್ದ ಕಡೆ ಮಾತ್ರ ಖಾಲಿ. ಅಂದರೆ ಆ ಎರಡು ಖಾಲಿ ಕಿಂಡಿಗಳ ಕೆಳಗೆ ಹಲಗೆಯಲ್ಲಿರುವ ಪುಟ್ಟ ಮೊಳೆಗಳೇ ಗುಂಡಿಯವು. ಹಲಗೆಯ ಮೇಲೆ ಎಲ್ಲೂ ಹೆಸರು ಬರೆದಿರಲಿಲ್ಲ. ವೈರು ಕಿತ್ತುಬಂದಿರದಿದ್ದರೆ ಅವಳು ತುಂಡನ್ನು ನೋಡದೆಯೇ ಕಿತ್ತಿಟ್ಟು, ಆಮೇಲೆ ಊಹೆ ಮಾಡುತ್ತಾ ಕೂರಬೇಕಿತ್ತು. ಇದನ್ನು ಮಾವನಿಗೆ ಹೇಳುವಷ್ಟು ದೊಡ್ಡ ಮನಸ್ಸು ಆ ಹೊತ್ತಿಗೆ ಅವಳಲ್ಲಿ ಇರಲಿಲ್ಲ.

ತುಂಡನ್ನು ಕಿತ್ತು, ಹೊಸ ಪೆಟ್ಟಿಗೆಯ ಗುಂಡಿಯ ವೈರನ್ನು ಆ ಎರಡು ಮೊಳೆಗಳಿಗೆ ಸಿಕ್ಕಿಸಿದಳು. ಹಲಗೆಯನ್ನು ನಾಲ್ಕು ತಿರುಪಿನ ಮೇಲೆ ನಿಲ್ಲಿಸಿದಳು. ಕರೆಂಟಿನ ಡಬ್ಬಿಯನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಪೆಟ್ಟಿಗೆಯೊಳಗಿನ ಕಂಬಿಗೆ ಬಿಗಿದು ಕಟ್ಟಿದಳು. ಅದರ ವೈರು ಗಿಡ್ಡ. ಎಷ್ಟು ಎಳೆದರೂ ಒಳಗಿಂದ ಸುತ್ತಿಬರಲಿಲ್ಲ, ಗಾಜಿನ ಬಾಗಿಲಿರಬೇಕಾದ ಕಡೆ ಹೊಟ್ಟೆ ಉಬ್ಬಿಸಿ ನಿಂತಿತು. ಬಾಗಿಲು ಹಾಕಿ ಒತ್ತಿದಳು, ಕೂರಲಿಲ್ಲ. ತಿರುಗಿಸಿ ಒತ್ತಿದಳು. ಇನ್ನೊಂದು ಚೂರು ಬಲ ಹಾಕಿದರೆ ಗಾಜು ಒಡೆಯುತ್ತದೆಂದು ಕೈಗೆ ಗೊತ್ತಾಯಿತು. ಬಾಗಿಲನ್ನು ಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ಹಾಕಿ, ಗುಂಡಿ ಒತ್ತಿದಳು.

ಫ್ಯಾನುಗಳು ತಿರುಗಿದವು. ಪರದೆ ಬೆಳಗಿತು. ಅವಳಿಗೆ ಖುಷಿಯೇನೂ ಆಗಲಿಲ್ಲ. ನಡು ನೋಯುತ್ತಿದೆ ಎಂಬುದು ಆಗ ಅರಿವಿಗೆ ಬಂತು. ಹೋಗಿ ಮಲಗಿದಳು.

ಮಾವ ಯಾವಾಗ ಬಂದರೋ ತಿಳಿಯಲಿಲ್ಲ. ಎಚ್ಚರವಾದಾಗ ಹೊರಗಿನ ಕೋಣೆಯಲ್ಲಿ ವಿಮಾನದ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಸದ್ದು ತಗ್ಗುತ್ತಾ ಬಂತು, ಚಕ್ರ ನೆಲಕ್ಕೆ ತಾಗಿದ ಕಿರುಚು ಕೇಳಿಸಿತು, ಆಮೇಲೂ ಇಂಜಿನ್ನು ಗುನುಗುತ್ತಲೇ ಇತ್ತು. ಪರದೆ ಕಪ್ಪಾಗಿರಲಿಲ್ಲ. ಮಾವ ಯಾರನ್ನೂ ಕೂಗಿ ಕರೆಯಲಿಲ್ಲ.

ಅಷ್ಟರಲ್ಲಿ ಗಂಡ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. ಗೋಡೆಗೆ ಒರಗಿದ್ದ ಗಾಜನ್ನು ನೋಡಿ, "ಇದೇನು, ಬಾಗಿಲು ಹಾಕೇ ಇಲ್ಲ?" ಎಂದ.

"ನೀನು ಹಾಕು," ಎಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ. ಗಂಡ ಕೈಕಾಲು ತೊಳೆಯಲು ಹೋದ.

ಆಮೇಲೆ ಮಾವ ಎದ್ದು ಸೊಸೆಯ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ.

"ಬೆರಳು ಹೇಗಿದೆ?"

"ಪರವಾಗಿಲ್ಲ."

"ಆ ವೈರು ಸ್ವಲ್ಪ ಉದ್ದದ್ದು ಸಿಕ್ಕಿದ್ರೆ ಬಾಗಿಲು ಕೂರುತ್ತೆ ಅಂತ ಕಾಣುತ್ತೆ." ಮಾವ ಬಾಗಿಲ ಚೌಕಟ್ಟು ಹಿಡಿದರು. "ನಿನ್ನನ್ನೇ ಕೇಳ್ತಿದೀನಿ. ಮುಂದಿನ ರಜೆಗೆ ನೋಡ್ತೀಯಾ?"

ಅವಳಿಗೆ ಅಭ್ಯಾಸದ ಉತ್ತರ ನಾಲಿಗೆಯ ತುದಿಗೇ ಬಂತು. ಅದನ್ನು ಅಲ್ಲೇ ತಡೆದಳು.

"ಇಲ್ಲ ಮಾವ. ಆಗಲ್ಲ."

ಮಾವ ಚೌಕಟ್ಟಿನಿಂದ ಕೈ ತೆಗೆದರು. ಮುಖ ಚಿಕ್ಕದಾಯಿತು, ಅದನ್ನು ಅವರು ಮುಚ್ಚಿಡಲೂ ಇಲ್ಲ. "ಸರಿ," ಎಂದು ತಿರುಗಿದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು, ಅವಳು ಮಲಗಲಿ ಎಂದು.