ಬೀಜದ ಸಂಘದ ಪೆಟ್ಟಿಗೆ

ನಾನು ಬೇವಿನ ಹಲಗೆಯ ಒಂದು ಪೆಟ್ಟಿಗೆ. ಮೇಲೆ ಎರಡು ಬೆರಳು ತೂರುವಷ್ಟು ತೂತು, ಹಿಂದೆ ಸಣ್ಣ ಬಾಗಿಲು. ಬಡಿಗೇರ ಮೌನೇಶ ನನ್ನನ್ನು ಮಾಡಿದ್ದು ಊರಿನಲ್ಲಿ ಒಂದು ತಪ್ಪು ನಡೆದ ಮೇಲೆ.

ಬೀಜದ ಸಂಘದಲ್ಲಿ ಬಿತ್ತನೆಯ ಜೋಳ ಆರಿಸಲು ಮೂವರು ಬಲ್ಲವರಿದ್ದರು. ಹಿರಿಯ ಹುಚ್ಚೀರಪ್ಪ ಕಾಳನ್ನು ಹಲ್ಲಿನಲ್ಲಿ ಕಡಿದು, ಸಪ್ಪಳ ಕೇಳಿ, ಚಲೋ ಐತಿ ಅನ್ನುತ್ತಿದ್ದ. ಉಳಿದಿಬ್ಬರು ತಲೆಯಾಡಿಸುತ್ತಿದ್ದರು, ಹಿರಿಯನ ಮಾತು ಮೀರುವ ರೂಢಿ ಇರಲಿಲ್ಲ. ಒಂದು ಹಿಂಗಾರಿಗೆ ಹಾಗೆ ಒಪ್ಪಿದ ಬೀಜ ಅರ್ಧ ಊರಿನ ಹೊಲದಲ್ಲಿ ಹುಟ್ಟಲೇ ಇಲ್ಲ. ಆಮೇಲೆ ಮೂವರಲ್ಲೊಬ್ಬನಾದ ಗೌಸುಸಾಬ, ತನಗೆ ಆಗಲೇ ಅನುಮಾನವಿತ್ತು ಎಂದು ಸಣ್ಣ ದನಿಯಲ್ಲಿ ಹೇಳಿದ.

ಅದನ್ನು ಕೇಳಿಸಿಕೊಂಡ ಕಾರ್ಯದರ್ಶಿ ಸುಲೋಚನಾ ನನ್ನನ್ನು ಮಾಡಿಸಿದಳು. ರೈತರು ತರುವ ಚೀಲಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಒಂದೊಂದು ಚೀಲಕ್ಕೂ ಮೂವರು ಒಬ್ಬೊಬ್ಬರೇ ಬಂದು ಕಾಳು ನೋಡಬೇಕು. ಒಪ್ಪಿದರೆ ಕಡಲೆ, ಇಲ್ಲದಿದ್ದರೆ ಹುಣಸೆ ಬೀಜ ನನ್ನೊಳಗೆ ಹಾಕಬೇಕು. ನನ್ನ ಬಾಗಿಲು ತೆರೆಯುವವರೆಗೆ ಮಾತಿಲ್ಲ.

ಮೊದಲ ವರ್ಷ ನಾಲ್ಕನೆಯ ಚೀಲಕ್ಕೆ ಮೂರೂ ಕಡಲೆ ಬಿದ್ದವು. ಅದು ದ್ಯಾಮವ್ವನದು. ಅವಳ ಹೊಲ ಸವುಳು, ಉಪ್ಪು ಮಣ್ಣು ಎಂದು ಹುಚ್ಚೀರಪ್ಪ ಆರು ವರ್ಷ ಅವಳ ಜೋಳವನ್ನು ಕಡಿದೂ ನೋಡದೆ ತಿರುಗಿ ಕಳಿಸಿದ್ದ. ಈ ಸಲವೂ ಬೇಡವೆಂದರೆ ಇನ್ನು ಸಂಘದ ಬಾಗಿಲಿಗೆ ಬರುವುದಿಲ್ಲ ಎಂದು ಆಕೆ ಹೇಳಿಯೇ ಬಂದಿದ್ದಳು.

ಸುಲೋಚನಾ ಪಟ್ಟಿ ನೋಡಿ ಹೆಸರು ಓದಿದಾಗ ಮುದುಕನ ಮುಖ ಬಿಗಿಯಿತು. "ಆಕೀದು ಅಂತ ಗೊತ್ತಿದ್ರ ನಾ ಕಡ್ಲಿ ಹಾಕ್ತಿದ್ದಿಲ್ಲ."

"ಅದಕ್ಕ ಹೆಸರು ಬರದಿಲ್ಲ, ಕಾಕಾ," ಅಂದಳು ದ್ಯಾಮವ್ವ.

ಅವನು ಅದೇ ಚೀಲದಿಂದ ಮತ್ತೊಂದು ಕಾಳು ಕಡಿದ. ಬಹಳ ಹೊತ್ತು ಅಗಿದ. ಹಾಕಿದ ಕಡಲೆಯನ್ನು ಮಾತ್ರ ತಿರುಗಿ ಕೇಳಲಿಲ್ಲ. ಆ ಹಿಂಗಾರಿಗೆ ಊರು ಬಿತ್ತಿದ್ದು ದ್ಯಾಮವ್ವನ ಜೋಳ.

ಈಗ ನನ್ನ ಬಾಗಿಲ ತಿರುಗಣಿ ಸಡಿಲಾಗಿದೆ, ತೂತಿನ ಅಂಚು ಬೆರಳು ತಾಗಿ ಸವೆದಿದೆ. ಹುಚ್ಚೀರಪ್ಪ ತೀರಿಕೊಂಡು ಅವನ ಜಾಗಕ್ಕೆ ಬೇರೊಬ್ಬ ಬಂದ ಮೇಲೆ ಕೆಲವು ವರ್ಷ ಪ್ರತಿ ಚೀಲಕ್ಕೂ ಮೂವರದೂ ಒಂದೇ ಬಗೆಯ ಕಾಳು ಬೀಳುತ್ತಿತ್ತು. ಮೂವರ ಕಣ್ಣಿಗೂ ಒಂದೇ ಕಂಡಿತೆಂದು ನಾನು ಹಿಗ್ಗಿದ್ದೆ. ಆಮೇಲೆ ತಿಳಿಯಿತು: ಮೂವರೂ ಹಿಂದಿನ ದಿನವೇ ಚೀಲ ನೋಡಿ, ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮಾತು ಮುಗಿಸಿ ಬರುತ್ತಿದ್ದರು. ಬಿದ್ದ ಕಾಳು ನನಗೆ ಕಾಣುತ್ತದೆ. ಅದು ಯಾರ ತಲೆಯಿಂದ ಬಂತೆಂದು ಕಾಣುವುದಿಲ್ಲ.

ಈ ವರ್ಷ ಮೂವರಲ್ಲಿ ದ್ಯಾಮವ್ವನೂ ಒಬ್ಬಳು. ಮುಂಜಾನೆ ಗೌಸುಸಾಬ ಅವಳನ್ನೂ ಹೋಟೆಲಿಗೆ ಕರೆದ.

"ಮದ್ಲ ಕಾಳು ಹಾಕೂಣು, ಅಣ್ಣಾ. ಚಾ ಆಮ್ಯಾಲ," ಎಂದು ಆಕೆ ಒಬ್ಬಳೇ ಒಳಗೆ ಬಂದಳು.