ಗಾಜಿನ ಜಾಡಿಯ ಹೇನುಗಳು

ಕಳೆ ಕತ್ತರಿಸುವ ದೋಣಿ ಮಧ್ಯಾಹ್ನ ಬರಲಿತ್ತು. ಕೆರೆಯ ಮೂಲೆಯಲ್ಲಿದ್ದ ನೀರೊಳಗಿನ ಗಿಡಗಳನ್ನೆಲ್ಲ ಅದು ಬುಡಮಟ್ಟ ಬೋಳಿಸಿ ದಡಕ್ಕೆ ಎಳೆದುಹಾಕುತ್ತದೆ. ಆಮೇಲೆ ಈಜುವವರ ಕಾಲಿಗೆ ಎಲೆ ತೊಡರುವ ಮಾತಿಲ್ಲ. ಹಾಗೆ ಮಾಡಿದರೆ ಕೆರೆಗೆ ನಷ್ಟವೇನೂ ಇಲ್ಲ ಎಂದು ವರದಿ ಬರೆದುಕೊಟ್ಟವಳು ಕೆರೆದಡದ ನೀರಿನ ಪ್ರಯೋಗಾಲಯದ ಪರೀಕ್ಷಕಿ. ಈಗ ಕಿಟಕಿಯ ಹತ್ತಿರ ನಿಂತು, ಬರೆದದ್ದು ತಪ್ಪಾಗಿದ್ದರೆ ಗತಿಯೇನು ಎಂದು ಉಗುರು ಕಚ್ಚುತ್ತಿದ್ದವಳೂ ಅವಳೇ.

ಅವಳನ್ನು ಕೊರೆಯುತ್ತಿದ್ದದ್ದು ನೀರಿನ ಬಣ್ಣ. ಕೆರೆಯ ನಡುವೆ ನೀರು ಪಾಚಿಯಿಂದ ಹಸಿರು ಬಣ್ಣ ಕದಡಿದಂತಿತ್ತು. ಗಿಡಗಳಿದ್ದ ಮೂಲೆಯಲ್ಲಿ ಮಾತ್ರ ತಳದ ಕಲ್ಲು ಕಾಣುವಷ್ಟು ತಿಳಿ. ಪಾಚಿಯನ್ನು ಸೋಸಿ ತಿನ್ನುವ ನೀರುಚಿಗಟವೆಂಬ ಚುಕ್ಕೆಯಷ್ಟು ಹುಳಗಳು ಅಲ್ಲಿರಲೇಬೇಕು. ಮೀನಿನ ಕಣ್ಣು ತಪ್ಪಿಸಲು ಅಷ್ಟು ಸಣ್ಣ ಜೀವಕ್ಕೆ ಎಲೆಗಳ ಮರೆಗಿಂತ ಒಳ್ಳೆಯ ಜಾಗ ಯಾವುದಿದೆ? ಆದರೆ ಅವಳ ಬಕೆಟ್ಟಿಗೆ ಒಂದೂ ಬೀಳಲಿಲ್ಲ. ಇವತ್ತು ಬೆಳಿಗ್ಗೆಯೂ ದೋಣಿಯಲ್ಲಿ ಹೋಗಿ ಗಿಡಗಳ ನಡುವಿನ ನೀರನ್ನು ಎತ್ತಿ ತಂದಿದ್ದಳು. ಎಲೆ ಇದ್ದರೆ ಸೋಸುವ ಬಲೆಯ ಕಣ್ಣು ಕಟ್ಟಿಕೊಳ್ಳುತ್ತದೆ. ಅದಕ್ಕೇ ಎಂದಿನಂತೆ ಚಿಮಟದಿಂದ ಎಲೆಗಳನ್ನೆಲ್ಲ ಮೆಲ್ಲಗೆ ಎತ್ತಿ ಪಕ್ಕಕ್ಕೆ ಹಾಕಿ, ನೀರನ್ನು ಸೋಸಿ, ಸೂಕ್ಷ್ಮದರ್ಶಕದಡಿ ಹುಡುಕಿದ್ದಳು. ಮತ್ತೆ ಸೊನ್ನೆ.

ಆದರೂ ಮೇಲಧಿಕಾರಿಯ ಬಳಿ ಹೋದಳು. ಅವರಿಗೆ ಆಫೀಸಿನವರು ಇಟ್ಟ ಹೆಸರು ಗಂಟುಮೋರೆ.

"ಸರ್, ಒಂದು ವಾರ ತಡೀಬಹುದಾ? ಅಲ್ಲಿ ಏನೋ ಇದೆ ಅನ್ಸುತ್ತೆ."

"ಅನ್ಸಿದ್ದಕ್ಕೆಲ್ಲ ದೋಣಿ ವಾಪಸ್ ಕಳ್ಸೋಕಾಗುತ್ತೇನಮ್ಮಾ? ಈಜೋರ ಸಂಘದವರು ನನ್ನ ತಲೆ ತಿಂದು ಹಾಕಿದ್ದಾರೆ. ಒಂದೇ ಒಂದು ಹುಳ ತೋರ್ಸಿ, ನಿಲ್ಲಿಸ್ತೀನಿ."

ತೋರಿಸಲು ಏನಿತ್ತು? ಹಿಂದಕ್ಕೆ ಬಂದು ಕಿಟಕಿಯ ಬಳಿ ನಿಂತಳು. ಕತ್ತರಿಸಿದ ಮೇಲೆ ತಪ್ಪಾಯಿತು ಎಂದರೆ ಕೇಳುವವರು ಯಾರು? ಆಗ ಫೋನು ಬಂತು.

"ನಿನ್ನ ಸೊಪ್ಪಿಗೆ ಹೇನು ಬಿದ್ದಿದೆ ಕಣೇ!"

ಅತ್ತೆ. ಫೋನಿನಲ್ಲಿ ಹಲೋ ಎನ್ನುವ ಅಭ್ಯಾಸ ಅವರಿಗಿಲ್ಲ. ವರ್ಷದ ಹಿಂದೆ ಮಗ ತೀರಿಕೊಂಡ ಮೇಲೂ ಅತ್ತೆ, ಸೊಸೆ ಒಂದೇ ಮನೆಯಲ್ಲಿದ್ದರು. ಹೋಗು ಎಂದು ಅತ್ತೆ ಹೇಳಲಿಲ್ಲ, ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ಅತ್ತೆ ದಿನಾ ಡಬ್ಬಿ ಕಟ್ಟುವರು. ಅದು ದಿನಾ ಅರ್ಧ ತುಂಬಿಯೇ ವಾಪಸ್ ಬರುವುದು. ಮೊನ್ನೆ ಡಬ್ಬಿಯ ಜೊತೆ, ಕಸಕ್ಕೆ ಹಾಕಬೇಕಿದ್ದ ನೀರುಗಿಡದ ಎಲೆಗಳ ಚೀಲವೂ ಬಂದಿತ್ತು. "ಹಸಿರನ್ನ ಯಾರಾದ್ರೂ ಬಿಸಾಕ್ತಾರಾ?" ಎಂದು ಅತ್ತೆ ಅದನ್ನು ಗಾಜಿನ ಜಾಡಿಗೆ ಹಾಕಿ, ನಲ್ಲಿ ನೀರಿಗೆ ಬಾಡೀತೆಂದು ಅವಳು ಮಾದರಿಗೆಂದು ತಂದ ಕ್ಯಾನಿನಲ್ಲಿ ಉಳಿದಿದ್ದ, ಕೆರೆಯ ನಡುವಿನ ಹಸಿರು ನೀರನ್ನೇ ಹೊಯ್ದು, ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದರು.

"ಹೇನು ಎಲ್ಲಿದೆ ಅತ್ತೆ?"

"ಎಲೆ ಮೇಲೇ. ಪಕ್ಕದ್ಮನೆಯೋಳು ನಮ್ಮ ಮೆಟ್ಟಿಲ ಮೇಲೆ ಕೂತ ಹಾಗೆ ಅಂಟ್ಕೊಂಡು ಕೂತಿವೆ. ಅಲ್ಲಾಡಿಸಿದ್ರೂ ಏಳ್ಲಿಲ್ಲ. ಚಮಚದಲ್ಲಿ ಜೋರಾಗಿ ಬಡಿದೆ ನೋಡು, ಆಗ ಕುಪ್ಪಳಿಸ್ಕೊಂಡು ಓಡಿದ್ವು."

"ನೀರು ಹೇಗಿದೆ?"

"ಹಸಿರೆಲ್ಲ ಹೋಗಿ ತಿಳಿಯಾಗಿದೆ. ಜಾಡಿ ಮೂಲಕ ಎದುರು ಮನೆ ಗೋಡೆ ಕಾಣುತ್ತೆ. ಅದಿರ್ಲಿ, ನೀರು ಕುದಿಯೋಕಿಟ್ಟಿದ್ದೀನಿ. ಮೇಲೆ ಸುರಿದ್ಬಿಡ್ಲಾ?"

"ಬೇಡ!"

ಇಡೀ ಪ್ರಯೋಗಾಲಯ ತಿರುಗಿ ನೋಡಿತು. ಅವಳ ಗಂಟಲಿನಿಂದ ಅಷ್ಟು ದೊಡ್ಡ ದನಿ ಹೊರಟು ಎಷ್ಟೋ ಕಾಲವಾಗಿತ್ತು.

"ಕೂಗ್ಬೇಡ, ನಂಗೆ ಕಿವಿ ಇದೆ."

"ಒಲೆ ಆರ್ಸಿ ಅತ್ತೆ. ಜಾಡಿ ತಗೊಂಡು, ಟ್ಯಾಕ್ಸಿ ಹಿಡಿದು ಇಲ್ಲಿಗೆ ಬನ್ನಿ. ಬೇಗ!"

"ಹೇನಿಗೆ ಟ್ಯಾಕ್ಸಿನಾ?" ಎಂದರು ಅತ್ತೆ.

ಫೋನಿಟ್ಟ ಮೇಲೆ ಅವಳಿಗೆ ತರಗತಿಯ ಪಾಠವೊಂದು ನೆನಪಾಯಿತು. ಒಂದು ಜಾತಿಯ ನೀರುಚಿಗಟಕ್ಕೆ ಕತ್ತಿನ ಹಿಂದೆ ಅಂಟು ಇರುತ್ತದೆ. ಅದರಿಂದ ಎಲೆಗೆ ಕಚ್ಚಿಕೊಂಡು ಕೂತಲ್ಲೇ ನೀರು ಸೋಸುತ್ತದೆ. ಚಿಮಟದಿಂದ ಮೆಲ್ಲಗೆ ಎತ್ತಿದರೆ ಎಲೆಯ ಜೊತೆಗೇ ಹೋಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು, ಈ ವರ್ಷ ತಲೆಯಿಂದ ಉದುರಿಹೋದ ಎಷ್ಟೋ ಸಂಗತಿಗಳ ಜೊತೆ ಉದುರಿಹೋಗಿತ್ತು.

ಅತ್ತೆ ಟವೆಲ್ಲಿನಲ್ಲಿ ಸುತ್ತಿದ ಜಾಡಿಯನ್ನು ಎದೆಗವಚಿಕೊಂಡು ಬಂದರು. ಗಂಟುಮೋರೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಗಾಜಿನಂಥ ಪಾರದರ್ಶಕ ಮೈ, ಅದರೊಳಗೆ ತಿಂದ ಪಾಚಿಯ ಹಸಿರು ಗೆರೆ, ಬೆನ್ನಿನ ಕಡೆ ಪಟಪಟನೆ ಬಡಿಯುವ ಪುಟ್ಟ ಹೃದಯ. ಕಣ್ಣು ತೆಗೆಯದೆಯೇ ಕೇಳಿದರು.

"ಆ ಮೂಲೆಯ ಎಲೆಯೇನಾ ಇದು?"

"ಹೌದು ಸರ್. ತಪ್ಪು ನಂದೇ. ಎಲೆ ಎತ್ತಿಹಾಕಿ ಬರೀ ನೀರಲ್ಲಿ ಹುಡುಕಿದೆ."

"ಅಂದ್ರೆ ಮನೆಯವರನ್ನೆಲ್ಲ ಹೊರಗೆ ಹಾಕಿ, ಮನೆಯಲ್ಲಿ ಯಾರೂ ಇಲ್ಲ ಅಂತ ಬರೆದ್ರಿ."

"ಒಪ್ಕೊಂಡ್ಳಲ್ಲ ಸ್ವಾಮಿ," ಎಂದರು ಅತ್ತೆ. "ದೋಣಿಯವನಿಗೆ ಫೋನ್ ಮಾಡಿ."

ಮಾಡಿದರು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದುಂಟೇ? ಅವಳು ಬಕೆಟ್ ಎತ್ತಿಕೊಂಡಳು, ಮೂವರೂ ದಡಕ್ಕೆ ಓಡಿದರು. ದೋಣಿ ಆಗಲೇ ಮೂಲೆಯತ್ತ ಮೂತಿ ತಿರುಗಿಸಿತ್ತು. ಅತ್ತೆ ಟವೆಲ್ಲನ್ನು ತಲೆಯ ಮೇಲೆ ಗಿರಗಿರ ಬೀಸಿದರು. ಎಂಜಿನ್ ನಿಂತಿತು.

ಅವಳು ಮೊಣಕಾಲುದ್ದ ನೀರಿಗಿಳಿದು ಒಂದು ಹಿಡಿ ಗಿಡ ಕಿತ್ತು, ಬಕೆಟ್ಟಿನಲ್ಲಿ ಬಟ್ಟೆ ಒಗೆಯುವವಳಂತೆ ಬಡಿದಳು. ನೀರಿನ ತುಂಬ ಚುಕ್ಕೆಗಳು ಕುಣಿದವು. ಗಂಟುಮೋರೆ ಬಗ್ಗಿ ನೋಡಿ, "ಈಜೋರಿಗೆ ಆಚೆ ದಡ ತೋರ್ಸೋಣ," ಎಂದರು.

ದೋಣಿಯವನು ಇಣುಕಿದ. "ಹಾಗಾದ್ರೆ ನಂಗೆ ಇವತ್ತು ರಜಾನಾ?"

"ರಜಾ," ಎಂದಳು ಅವಳು. ದಡದ ಕಲ್ಲಿನ ಮೇಲೆ ಕೂತಳು. ಎದೆಯ ಮೇಲಿಂದ ಯಾರೋ ಎದ್ದುಹೋದಂತಿತ್ತು.

"ಅತ್ತೆ, ಹಸಿವಾಗ್ತಿದೆ."

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಟವೆಲ್ಲಿನಿಂದ ಅವಳ ಒದ್ದೆ ಕಾಲನ್ನು ಅಗತ್ಯಕ್ಕಿಂತ ಜೋರಾಗಿ ಉಜ್ಜಿದರು.

"ಹೇಳೋಕೆ ಇದೇ ಹೊತ್ತು ಸಿಕ್ತಾ ನಿಂಗೆ? ನೀನು ಮರೆತು ಬಂದ ಡಬ್ಬೀನ ಮನೆ ಮೇಜಿನ ಮೇಲೇ ಬಿಟ್ಟು ಹೇನು ತಂದಿದ್ದೀನಿ. ಏಳು, ಅಲ್ಲೊಂದು ಬ್ರೆಡ್ ಅಂಗಡಿ ಕಂಡೆ."