ಟಿಬಿಲಿಸಿಗೆ ಎಷ್ಟು ಜನ

ಸೌದಿಯ ದಮ್ಮಾಮಿನ ಗೋದಾಮಿನಲ್ಲಿ ಹನ್ನೆರಡು ವರ್ಷ ಪೆಟ್ಟಿಗೆ ಹೊತ್ತರೂ ಶಾಹಿದನನ್ನು ಅಲ್ಲಿ ಯಾರೂ ಎಕ್ಸ್‌ಪ್ಯಾಟ್ ಎಂದು ಕರೆದಿರಲಿಲ್ಲ. ಆ ಶಬ್ದ ಅವನಿಗೆ ಸಿಕ್ಕಿದ್ದು ಆಳಂದಕ್ಕೆ ವಾಪಸು ಬಂದ ಮೇಲೆ, ಮೊಬೈಲಿನಲ್ಲಿ. ಬಿಳಿ ಗಡ್ಡದ ಕೆನಡಾದವನೊಬ್ಬ ಯಾವುದೋ ಹೊಳೆದಂಡೆಯಲ್ಲಿ ಕುಳಿತು ಕಾಫಿ ಕುಡಿಯುತ್ತ, ಊರಲ್ಲಿ ತಾನು ಬಡವ, ಇಲ್ಲಿ ನವಾಬ ಎಂದು ನಗುತ್ತಿದ್ದ. ಶಾಹಿದ ಆ ವಿಡಿಯೋವನ್ನು ತಾಯಿಗೆ ತೋರಿಸಿದ.

"ನೋಡ್ರಿ ಅಮ್ಮೀ. ಕೆಲಸಾ ಹುಡುಕ್ಕೊಂಡು ಹೋದವ ಲೇಬರ್. ಕೆಲಸಾ ಬಿಟ್ಟು ಹೋದವ ಎಕ್ಸ್‌ಪ್ಯಾಟ್."

"ಹಂಗಿದ್ರ ನೀ ಇಲ್ಲೇ ಎಕ್ಸ್‌ಪ್ಯಾಟ್ ಇದ್ದೀ ಬಿಡು," ಎಂದಳು ಖುರ್ಷಿದಬೇಗಂ.

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ, ಹೋಗಿ ಅಗ್ಗದಲ್ಲಿ ನೆಲೆಸಬಹುದಾದ ಒಂದೊಂದು ದೇಶ ಬಡಿಸಲಾಯಿತು. ವಿಯೆಟ್ನಾಮಿನ ದನಾಂಗ್ ಬಹಳ ಅಗ್ಗ. ಅಲ್ಲಿ ಕಪ್ಪೆ ತಿನ್ನುತ್ತಾರೆಂದು ಖುರ್ಷಿದಬೇಗಂ ಮೂಗು ಮುಚ್ಚಿಕೊಂಡಳು. ಮಲೇಷ್ಯಾದ ಪೆನಾಂಗಿನಲ್ಲಿ ಮಸೀದಿಗಳಿವೆ, ಬಿರಿಯಾನಿ ಸಿಗುತ್ತದೆ, ಆದರೆ ಚಿಕ್ಕಪ್ಪನ ಮಗ ಸಿಕಂದರ ಅಲ್ಲಿಯೇ ಇದ್ದಾನೆ. ಸಿಕಂದರನ ಕಣ್ಣೆದುರು ಅಗ್ಗದಲ್ಲಿ ಬದುಕುವ ಮನಸ್ಸು ಶಾಹಿದನಿಗಿರಲಿಲ್ಲ. ಕಡೆಗೆ ಜಾರ್ಜಿಯಾದ ಟಿಬಿಲಿಸಿ ಉಳಿಯಿತು. ಅಲ್ಲಿ ನೆಲದೊಳಗಿನ ತಂದೂರಿನಿಂದ ರೊಟ್ಟಿ ತೆಗೆಯುವುದನ್ನು ಕಂಡು ಖುರ್ಷಿದಬೇಗಂ ಸ್ವಲ್ಪ ಮೆತ್ತಗಾದಳು. ಶಾಹಿದನ ಹೆಂಡತಿ ಇರಮ, ಜೋಳದ ಹಿಟ್ಟು ಸಿಗುತ್ತದೇನು ಎಂದಷ್ಟೇ ಕೇಳಿದಳು. ಒಂದು ಚೀಲ ಹೊತ್ತೊಯ್ದರಾಯಿತು ಎಂದ ಶಾಹಿದ.

ಅಣ್ಣನ ಹೆಂಡತಿ ಗುಲಫಶಾ ಏನೂ ಕೇಳಲಿಲ್ಲ. ಅವಳ ಗಂಡ ಅಜೀಮ ತೀರಿಕೊಂಡು ಎರಡು ವರ್ಷವಾಗಿತ್ತು. ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದಳು. ಅಫಜಲಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಬಸ್ಸು ಹತ್ತುತ್ತಿದ್ದಳು, ಸಂಜೆ ಬಂದು ಮೇಲಿನ ತನ್ನ ಎರಡು ಕೋಣೆ ಸೇರುತ್ತಿದ್ದಳು.

ಟಿಬಿಲಿಸಿಯ ನವಾಬಗಿರಿಯೆಲ್ಲ ಈ ಎರಡು ಕೋಣೆಗಳ ಮೇಲೆಯೇ ನಿಂತಿತ್ತು. ಕೋಚಿಂಗ್ ಕ್ಲಾಸಿನವರಿಗೆ ಹುಡುಗಿಯರ ಹಾಸ್ಟೆಲಿಗೆ ಮನೆ ಬೇಕಾಗಿತ್ತು. ಕೊಟ್ಟರೆ ಇಡೀ ಮನೆ ಕೊಡಿ, ಕೆಳಗಿನದೊಂದೇ ಬೇಡ ಎಂದಿದ್ದರು. ಆ ಬಾಡಿಗೆಯಲ್ಲೇ ಟಿಬಿಲಿಸಿಯ ಬದುಕು ಎಂದು ಲೆಕ್ಕ ಹಾಕಿ ಶಾಹಿದ ಹೂಂ ಎಂದು ಬಂದಿದ್ದ. ಗುಲಫಶಾಳನ್ನು ಕೇಳಿರಲಿಲ್ಲ.

ಆ ಕೋಣೆಗಳು ಅವಳ ಮೆಹರ್. ಹೆಂಡತಿಗೆ ಗಂಡ ಕೊಡಲೇಬೇಕಾದ ಹಕ್ಕಿನ ಆಸ್ತಿ ಅದು. ನಿಕಾಹದಲ್ಲಿ ಅಜೀಮ ಮೇಲಿನ ಮಾಳಿಗೆಯನ್ನು ಒಪ್ಪಿಕೊಟ್ಟಿದ್ದ. ಅವನ ಜನಾಜಾ ಎತ್ತುವ ಮೊದಲು ಓಣಿಯ ಹೆಂಗಸರು ಅವಳನ್ನು ಹಿಡಿದುಕೊಂಡು ಬಂದು ಹೆಣದ ತಲೆದೆಸೆಗೆ ಕೂಡಿಸಿದರು. ಮೆಹರ್ ಮಾಫ್ ಮಾಡಿದೆ ಅನ್ನು ಬೇಟಿ, ಅವನು ಹಗುರಾಗಿ ಹೋಗಲಿ ಎಂದರು. ಹಾಗೆ ಕೇಳುವುದು ಈ ಕಡೆಯ ರೂಢಿ. ಗುಲಫಶಾ ಅಜೀಮನ ಮೂಗಿನ ಹತ್ತಿ ನೋಡುತ್ತಿದ್ದಳು. ಅವಳ ಬಾಯಿಂದ ಏನೂ ಬರಲಿಲ್ಲ. ಮಣ್ಣಿಗೆ ತಡವಾಗುತ್ತಿತ್ತು. ಆಯ್ತು, ಮಾಡಿದಳು ಎಂದು ಯಾರೋ ಅಂದರು. ಹೊರಗಿನ ಗಂಡಸರು ಎತ್ತಿಕೊಂಡು ನಡೆದರು. ಅಂದಿನಿಂದ ಮನೆಯ ಲೆಕ್ಕದಲ್ಲಿ ಮಾಳಿಗೆ ಶಾಹಿದನದು. ಅವಳು ತಿದ್ದಲು ಹೋಗಿರಲಿಲ್ಲ. ಯಾರೂ ಅವಳನ್ನು ಅಲ್ಲಿಂದ ಎಬ್ಬಿಸಿಯೂ ಇರಲಿಲ್ಲ.

"ಭಾಭಿ, ನೀವೂ ನಮ್ಮ ಕೂಡ ಬರೂದೇ," ಎಂದಿದ್ದ ಶಾಹಿದ, ಔದಾರ್ಯದಿಂದ. "ಅಮ್ಮೀನ್ನ ನೋಡ್ಕೋಳವ್ರು ಒಬ್ರು ಬೇಕಲ್ರಿ."

ಗುಲಫಶಾಳಿಗೆ ಸಿಟ್ಟು ಬರಲಿಲ್ಲ. ಈಚೆಗೆ ಅವಳಿಗೆ ಏನೂ ಬರುತ್ತಿರಲಿಲ್ಲ.

ಆದರೆ ಖುರ್ಷಿದಬೇಗಂ ಒಂದು ಶರತ್ತು ಹಾಕಿದಳು. ಜೇವರ್ಗಿಯ ಇರಮಳನ್ನು ಸೊಸೆಯಾಗಿ ತರುವಾಗ, ಅವರ ಮನೆಯೆದುರಿನ ಹೋಟೆಲಿನಲ್ಲಿ ಎರಡು ದಿನ ಚಹಾ ಕುಡಿಯಲು ಒಬ್ಬನನ್ನು ಕೂಡಿಸಿ, ಮನೆತನ ಹೇಗೆ, ಯಾರು ಯಾರ ಮೇಲೆ ಒದರುತ್ತಾರೆ ಎಂದು ವಿಚಾರಿಸಿದ್ದಳು. "ಒಂದು ಹುಡುಗಿ ತರಾಕ ಅಷ್ಟು ತಹಕೀಕಾತ ಮಾಡೀವಿ. ಇಡೀ ಮನಿ ಎದ್ದು ಹೋಗೂದಾದ್ರ ಮಾಡಬ್ಯಾಡೇನು?"

ಟಿಬಿಲಿಸಿಯಲ್ಲಿ ಚಹಾ ಕುಡಿಯಲು ಕೂಡಿಸಲು ಯಾರೂ ಇರಲಿಲ್ಲ. ಹೀಗಾಗಿ ಭಾನುವಾರ ಮಧ್ಯಾಹ್ನ, ಆ ಊರಲ್ಲಿ ಶಾಹಿದ ನೋಡಿಟ್ಟಿದ್ದ ಮೂರು ಕೋಣೆಯ ಬಾಡಿಗೆ ಮನೆಯ ಒಡತಿಗೆ ವಿಡಿಯೋ ಕಾಲ್ ಹಚ್ಚಿದರು. ಮೊಬೈಲನ್ನು ಬೆಲ್ಲದ ಡಬ್ಬಿಗೆ ಆನಿಸಿ ನಿಲ್ಲಿಸಿದರು. ಇಂಗ್ಲಿಷ್ ಬರುವವಳೆಂದು ಗುಲಫಶಾಳನ್ನು ಮುಂದೆ ಕೂಡಿಸಿದರು. ಇರಮ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಪರದೆಯ ಮೇಲೆ ಮನಾನಾ ಎಂಬ ಅರವತ್ತರ ಹೆಂಗಸು ಕಾಣಿಸಿಕೊಂಡಳು.

"ನೀರು ದಿನಾ ಬರ್ತಾವೇನು ಕೇಳು," ಎಂದಳು ಖುರ್ಷಿದಬೇಗಂ.

ಗುಲಫಶಾ ಕೇಳಿದಳು. ನೀರು ಬಾರದ ದಿನವೂ ಇರುತ್ತದೆಯೇ ಎಂದು ಮನಾನಾ ಕಣ್ಣರಳಿಸಿದಳು.

"ಬಾಜೂದವರು ಎಂಥಾವ್ರು?"

"ಒಬ್ಬಾಕಿ ಪಿಯಾನೋ ಬಾರಿಸ್ತಾಳಂತ. ಇನ್ನೊಬ್ಬಾಕಿ ಯಾರ ಕೂಡನೂ ಮಾತಾಡಂಗಿಲ್ಲಂತ."

"ಮಾತಾಡದಾಕಿ ಚಲೋ. ಪಿಯಾನೋದಾಕಿ ಮಕ್ಕಳು ಎಷ್ಟು?"

ಹೀಗೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಮನಾನಾ ಕುರ್ಚಿ ಮುಂದೆಳೆದುಕೊಂಡಳು. ಅವಳಿಗೂ ತಹಕೀಕಾತು ಇತ್ತು. ಈ ಮನುಷ್ಯ ಏನು ಕೆಲಸ ಮಾಡುತ್ತಾನೆ?

"ಎಕ್ಸ್‌ಪ್ಯಾಟ್ ಅಂತ ಹೇಳ್ರಿ ಭಾಭಿ."

"ಅದು ಕೆಲಸ ಅಲ್ಲಂತ."

"ಮನಿ ಬಾಡಗಿ ಬರ್ತದ ಅನ್ರಿ."

ಅದು ಮನಾನಾಳಿಗೆ ಒಪ್ಪಿಗೆಯಾಯಿತು. ಮನೆಯಲ್ಲಿ ಎಷ್ಟು ಜನ ಇರುತ್ತೀರಿ, ಹೆಸರು ಹೇಳಿ ಎಂದಳು.

"ನಾನು, ಇರಮ, ಎರಡು ಮಕ್ಕಳು, ಅಮ್ಮೀ. ಮತ್ತ ನೀವು." ಶಾಹಿದ ತಡೆದು, ದನಿ ಇಳಿಸಿದ. "ಭಾಭಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮನ್ನ ಕೆಲಸದಾಕಿ ಅಂತ ಹೇಳಿಬಿಡ್ರಿ. ಬಾಡಗಿ ಕಾಗದದಾಗ ಹಂಗ ಬರದ್ರ ವೀಸಾಕ್ಕ ಸಲೀಸ ಆಗ್ತದ. ಬರೇ ಹೇಳಾಕ."

ಇರಮಳ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು. ಗುಲಫಶಾ ಮೈಕಿನ ಗುರುತು ಒತ್ತಿ, ಆ ಕಡೆಗೆ ಮಾತು ಕೇಳದಂತೆ ಮಾಡಿದಳು.

"ಐದು ಮಂದಿ ಅಂತ ಹೇಳ್ತೇನಿ, ಶಾಹಿದ ಭಾಯಿ. ನಾ ಬರೂದಿಲ್ಲ."

"ಮತ್ತ ಎಲ್ಲಿರ್ತೀರಿ?"

"ಮ್ಯಾಲ. ನನ್ನ ಕೋಣ್ಯಾಗ."

ಶಾಹಿದ ನಕ್ಕ. ಮಕ್ಕಳಿಗೆ ತಿಳಿಹೇಳುವ ನಗು. "ಮೆಹರ್ ನೀವು ಮಾಫ್ ಮಾಡೀರಲ್ರಿ. ಭಾಯಿ ಜನಾಜಾದ ಮುಂದ. ಎಲ್ಲಾರೂ ನೋಡ್ಯಾರ."

"ನಾ ಏನಂದೆ?"

"ಏನೂ ಅನ್ನಲಿಲ್ಲ."

"ಹೌದು. ಏನೂ ಅನ್ನಲಿಲ್ಲ."

"ಹೆಣ್ಮಕ್ಕಳು ಸುಮ್ಮನಿದ್ರ ಹೂಂ ಅಂದಂಗ. ನಿಕಾಹದಾಗ ಹಂಗ ಇರ್ತದ."

"ನನ್ನ ನಿಕಾಹದಾಗ ಹಂಗ ಇರಲಿಲ್ಲ. ಅಮ್ಮೀನ್ನ ಕೇಳ್ರಿ."

ಶಾಹಿದ ತಾಯಿಯತ್ತ ತಿರುಗಿದ. ಖುರ್ಷಿದಬೇಗಂ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಜೋರಲೇ ಕುಬೂಲ ಅಂದಿದ್ಲು. ಶಾಮಿಯಾನಾದಾಗಿನ ಗಂಡಸರಿಗೂ ಕೇಳಿಸಿತ್ತು. ಎಂಥಾ ಬಾಯಿ ಇದ್ದ ಸೊಸಿ ತಂದೆ ಅಂತ ನನಗ ನಾಚಿಕಿ ಆಗಿತ್ತು." ಅಡಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. "ಹೂಂ ಅನ್ನೂದಿದ್ರ ಇಕಿ ಅಂತಾಳಪಾ. ಅವತ್ತು ಅಂದಿಲ್ಲ. ಬಾಜೂಕ ನಾನೇ ಕುಂತಿದ್ದೆ."

"ಇಷ್ಟು ದಿನಾ ಯಾಕ ಹೇಳಲಿಲ್ರಿ?"

"ನೀ ಯಾವಾಗ ಕೇಳಿದಿ?"

ಶಾಹಿದ ಕೈಬೆರಳು ಮಡಚುತ್ತ ಕೂತ. ಇಡೀ ಮನೆ ಇಲ್ಲದಿದ್ದರೆ ಕೋಚಿಂಗಿನವರಿಲ್ಲ. ಅವರಿಲ್ಲದಿದ್ದರೆ ಟಿಬಿಲಿಸಿಯ ಮೂರು ಕೋಣೆಯ ಮನೆಯಿಲ್ಲ. ಹೊಳೆದಂಡೆಯ ಕಾಫಿ ಅವನ ಮುಖದಲ್ಲೇ ಆರುತ್ತಿರುವುದು ಕಾಣುತ್ತಿತ್ತು. ಕಡೆಗೆ, ಇದಕ್ಕಿಂತ ಸಣ್ಣ ಮನೆ ಇದೆಯೇ ಕೇಳಿರಿ ಎಂದ.

ಗುಲಫಶಾ ಮೈಕ್ ತೆರೆದು, ಐದು ಜನ ಎಂದು ಹೇಳಿ, ಅದನ್ನು ಕೇಳಿದಳು. ಒಂದೇ ಕೋಣೆಯದು ಇದೆ, ನೆಲಮಾಳಿಗೆಯಲ್ಲಿ, ಕಿಟಕಿ ಸಣ್ಣದು, ಐದು ಜನಕ್ಕೆ ಆಗುವುದಿಲ್ಲ ಎಂದಳು ಮನಾನಾ. ನಿಜವಾಗಿ ಬರುವವರು ಎಷ್ಟು?

"ನನ್ನ ಲೆಕ್ಕಕ್ಕ ಹಿಡೀಬ್ಯಾಡ," ಎಂದಳು ಖುರ್ಷಿದಬೇಗಂ. "ನೆಲದಾಗ ಹೋಗಿ ಮಲಗಾಕ ನನಗೇನು ಇಷ್ಟು ಅವಸರ ಇಲ್ಲ."

ಗುಲಫಶಾ ತಿದ್ದಿ, ನಾಲ್ಕು ಎಂದಳು.

ಇರಮ ಬೆಳ್ಳುಳ್ಳಿಯ ತಟ್ಟೆ ಎತ್ತಿಕೊಂಡು ಎದ್ದಳು. ಗಂಡನ ಮುಖ ನೋಡಲಿಲ್ಲ. "ಅಕ್ಕಾ, ಮಕ್ಕಳ ಸಾಲಿ ಇಲ್ಲೇ ಅದ ಅಂತ ಹೇಳು," ಎಂದು ಒಳಗೆ ಹೋದಳು.

ಗುಲಫಶಾ ಅದನ್ನೂ ಹೇಳಿದಳು. ಅವಳ ಇಂಗ್ಲಿಷ್ ಸ್ಪಷ್ಟವಾಗಿತ್ತು, ಎಲ್ಲೂ ಎಡವಲಿಲ್ಲ.

ಪರದೆಯ ಆಚೆ ಮನಾನಾ ಕನ್ನಡಕ ಏರಿಸಿಕೊಂಡು, ಬೆರಳೊಂದನ್ನು ಎತ್ತಿ ತೋರಿಸಿದಳು. ಹಾಗಾದರೆ ಒಬ್ಬನೇ ಅಲ್ಲವೇ?

"ಏನಂತ ಹೇಳ್ಲಿ?" ಎಂದು ಗುಲಫಶಾ ಶಾಹಿದನನ್ನು ಕೇಳಿದಳು.

ಅವನು ಉತ್ತರ ಕೊಡಲಿಲ್ಲ. ಅವಳು ಎರಡನೆಯ ಸಲ ಕೇಳಿದಳು. ಅವನು ಸುಮ್ಮನಿದ್ದ. ಈ ಮನೆಯಲ್ಲಿ ಸುಮ್ಮನಿದ್ದವರ ಬಾಯಲ್ಲಿ ಬೇರೆಯವರು ಹೂಂ ಹಾಕಿಬಿಡುತ್ತಾರೆ. ಗುಲಫಶಾ ಹಾಗೆ ಮಾಡಲಿಲ್ಲ. ಸ್ವಲ್ಪ ಕಾಯಿರಿ, ಅವರೇ ಹೇಳುತ್ತಾರೆ ಎಂದು ಮನಾನಾಳಿಗೆ ತಿಳಿಸಿ, ಮೊಬೈಲನ್ನು ಶಾಹಿದನ ಮುಖಕ್ಕೆ ತಿರುಗಿಸಿಟ್ಟು, ಮೇಲೆ ಹೋದಳು.